ಕೀಸುವುದು

ಈರೋಡಿನ ಅಡುಗೆ ಕಾಲೇಜಿಂದ ಕೊನೇ ಬಸ್ಸಿಗೆ
ತಾಳವಾಡಿಗೆ ಬಂದಿಳಿದ ನಾದಿನಿಯ ಮಗಳು ಜಯಮಣಿ
ಚಪ್ಪಲಿ ಬಿಡುವ ಮೊದಲೇ ಕೇಳಿದಳು:
‘ಅತ್ತೆ, ನಾಳೆ ಕೀಶ್ ಮಾಡೋಣವಾ?’
ಏನನ್ನು ಕೀಸೋದು, ಅಂದೆ.
ನಕ್ಕಳು. ಆಮೇಲೆ ನಗು ನಿಲ್ಲಿಸಿ
‘ಹೌದಲ್ಲ, ಕೀಸೋದೇ’ ಅಂದಳು.

ಮಂಗಳವಾರ ಅವಳಿಗೆ ಪರೀಕ್ಷೆ.
ಮೈದಾ ಬೆಣ್ಣೆಯ ಕಣಕ ಎರಡು ಸಲ ಕೈಕೊಟ್ಟಿದೆ.
ಆಲೂಗಡ್ಡೆಯಲ್ಲಿ ಗೋಡೆ ಕಟ್ಟಿದರೂ ನಡೆಯುತ್ತದಂತೆ,
ಮೇಡಂ ಒಪ್ಪಿದ್ದಾರಂತೆ.
ಅದಕ್ಕೇನು ಬರ! ಮೇಟುಪಾಳ್ಯದ ಮಂಡಿ ಬೇಡವೆಂದದ್ದು,
ಗೋಲಿಗಿಂತ ತುಸು ದಪ್ಪ,
ಜಗಲಿ ಮೂಲೆಯಲ್ಲಿ ಮೂರು ಮೂಟೆ.
ಕೆಲವಕ್ಕೆ ಆಗಲೇ ಕಣ್ಣು ಬಂದಿತ್ತು.

ಇಂಥ ಸಣ್ಣವನ್ನು ಕೀಸಿದರೆ ಬೆರಳೂ ಜೊತೆಗೆ ಹೋಗುತ್ತದೆ.
ಹೋಯಿತು. ಅವಳದಲ್ಲ, ನನ್ನದೇ.
ಅರಿಶಿನ ಒತ್ತಿ, ಚಿಂದಿ ಸುತ್ತಿ,
ಎಡಗೈಯಲ್ಲಿ ಮುಂದುವರಿಸಿದೆ.

ಅವಳ ಮಾವನ ಹಳೇ ಪಂಚೆಯಲ್ಲಿ ಗಂಟು ಕಟ್ಟಿ
ಇಬ್ಬರೂ ತುದಿ ಹಿಡಿದು ಹಿಂಡಿದೆವು,
ಒಗೆದ ಸೀರೆ ಹಿಂಡುವ ಹಾಗೆ.
ಕಂದು ನೀರು ಇಳಿಯಿತು. ಚೆಲ್ಲಲು ಹೊರಟಳು.
ತಡಿ, ಅಂದೆ. ಮೆಲ್ಲಗೆ ಬಸಿದರೆ ತಳದಲ್ಲಿ
ಅಂಗೈಯಷ್ಟು ಬಿಳಿ ಗಂಜಿ,
ಅಲ್ಲಾಡದೆ ಕೂತಿತ್ತು ಮನೆಅಳಿಯನ ಹಾಗೆ.
ಅದನ್ನೂ ತುರಿಗೆ ಬೆರೆಸಿದೆವು. ಉಪ್ಪು, ಮೆಣಸು, ಚಮಚ ತುಪ್ಪ.
‘ಪುಸ್ತಕದಲ್ಲಿ ಇದಿಲ್ಲ’ ಎಂದು ಬರೆದುಕೊಂಡಳು
ತಮಿಳಿನಲ್ಲಿ. ಅವಳ ಕನ್ನಡ ಬಾಯಲ್ಲಿದೆ,
ಬೆರಳಿಗೆ ಇಳಿದಿಲ್ಲ.

ಅಚ್ಚು? ಬಿಸ್ಕತ್ತು ಡಬ್ಬಿಯ ಮುಚ್ಚಳ.
ಒವನ್? ಹಂಡೆಯ ತಳಕ್ಕೆ ಹಳ್ಳದ ಮರಳು, ಮೂರು ಕಲ್ಲು,
ಬಾಯಿಗೆ ತಟ್ಟೆ, ತಟ್ಟೆಯ ಮೇಲೆ ಕೆಂಡ.
ತುಪ್ಪ ಸವರಿ ಬೆರಳಿಂದ ಒತ್ತಿದಳು,
ತಳಕ್ಕೆ ತೆಳ್ಳಗೆ, ಅಂಚಿಗೆ ದಪ್ಪ.
ಒಳಗೆ ಏನೂ ಇಲ್ಲದೆ ಬರೀ ಗೋಡೆ ಮೊದಲು ಬೇಯಬೇಕು.
ಅರ್ಧ ಗಂಟೆ. ಹೊಂಬಣ್ಣ ಬಂತು,
ಒಂದು ಕಡೆ ಬಿರಿದೂ ಬಂತು.

ಅವಳ ಮುಖ ಇಳಿಯಿತು.
ಬೋಗುಣಿಗೆ ಅಂಟಿದ್ದ ತುರಿ ಬಳಿದು
ಬಿರುಕಿಗೆ ಮೆತ್ತಿದೆ, ಸೋರುವ ಮಡಕೆಗೆ
ನಮ್ಮವ್ವ ರಾಗಿಹಿಟ್ಟು ಮೆತ್ತುತ್ತಿದ್ದಂತೆ.
ಮತ್ತೆ ಹತ್ತು ನಿಮಿಷ.

ಒಳಗೆ ಕೋಸು, ಬೀನ್ಸು, ಕ್ಯಾರೆಟ್ಟು, ಬೇಲಿಯ ಹೊನಗೊನ್ನೆ,
ನೀರು ಬಿಡದ ಹಾಗೆ ಹುರಿದದ್ದು.
ಪೊನ್ನುತಾಯಿಯ ಕೋಳಿಯವು ನಾಲ್ಕು ಮೊಟ್ಟೆ,
(ಮೂರಕ್ಕೆ ದುಡ್ಡು ತಗೊಂಡಳು, ಒಂದು ಹುಡುಗಿಗೆ ಅಂದಳು)
ಲೋಟ ಹಾಲು. ಚೀಸ್ ಇಲ್ಲ,
ರಾತ್ರಿ ಕಟ್ಟಿ ತೂಗುಹಾಕಿದ ಮೊಸರು.

‘ಆಯ್ತು ಅಂತ ಹೆಂಗೆ ಗೊತ್ತಾಗ್ತದೆ ಅತ್ತೆ?
ಅಲ್ಲಿ ಗಂಟೆ ಹೊಡೀತದೆ.’
ಗಿಣ್ಣು ನೋಡಿಲ್ವಾ ನೀನು? ಮೆಲ್ಲಗೆ ಅಲ್ಲಾಡಿಸು.
ಸುತ್ತ ನಿಂತಿರಬೇಕು; ನಡು ಮಾತ್ರ
ಈಗಷ್ಟೇ ಹುಟ್ಟಿದ ಕರುವಿನ ಕಾಲಿನಂತೆ ನಡುಗಬೇಕು.
ಆಗ ಕೆಂಡ ತೆಗಿ. ಮಿಕ್ಕಿದ್ದು ಅದೇ ನಿಲ್ಲುತ್ತೆ.

ನಿಂತಿತು.
ನನ್ನ ಮಕ್ಕಳು ಅಂಚಿಗೆ ಕಿತ್ತಾಡಿದವು, ನಡು ಯಾರಿಗೂ ಬೇಡ.
ಇವರು ಹೊಲದಿಂದ ಬಂದು ಒಂದು ತುಂಡು ತಿಂದರು,
ಸುಮ್ಮನೆ ಇನ್ನೊಂದು ತಿಂದರು,
ಕೈ ಒರೆಸಿಕೊಂಡು ಕೇಳಿದರು:
‘ಚೆನ್ನಾಗಿದೆ. ಮುದ್ದೆ ಎಲ್ಲಿ?’

ಸೋಮವಾರ ಮೊದಲ ಬಸ್ಸಿಗೆ ಹೋದವಳು
ಮಂಗಳವಾರ ಸಂಜೆ ಫೋನು ಮಾಡಿದಳು.
ಗೋಡೆ ಈ ಸಲ ಬಿರಿಯಲಿಲ್ಲವಂತೆ.
ಆದರೂ ಒಂದು ಕಡೆ ತೇಪೆ ಹಾಕಿದೆ ಅತ್ತೆ, ಅಂದಳು.
ಯಾಕೇ?
‘ಮನೇಲಿ ಹಂಗೇ ಮಾಡಿದ್ವಲ್ಲ.’
ಮೇಡಂ ಆ ಕಡೆಯಿಂದಲೇ ಮುರಿದು ತಿಂದರಂತೆ.
ಮಾರ್ಕು ಇನ್ನೂ ಹೇಳಿಲ್ಲ.

ಇಲ್ಲಿ ಇವರು ಹಗ್ಗದ ಮೇಲೆ, ಪೆಟ್ಟಿಗೆಯಲ್ಲಿ,
ಹಿತ್ತಲ ಬೇಲಿಯಲ್ಲಿ ಪಂಚೆ ಹುಡುಕುತ್ತಿದ್ದಾರೆ.
ಅದು ಈರೋಡಿಗೆ ಹೋಗಿದೆ ಎಂದು
ನಾನಿನ್ನೂ ಹೇಳಿಲ್ಲ.